ಅವಳು ಕಚೇರಿಯ ಅಮ್ಮನಲ್ಲ

ನನ್ನ ಗೆಳತಿ 2024ರ ನವೆಂಬರಿನಲ್ಲಿ ತೀರಿಕೊಂಡಳು. ಅವಳು ಮೂವತ್ತಮೂರು ವರ್ಷ ದುಡಿದ ದಿನಪತ್ರಿಕೆ ಮಾರನೆಯ ದಿನ ಒಳಪುಟದಲ್ಲಿ ಹನ್ನೊಂದು ಸಾಲಿನ ಸುದ್ದಿ ಹಾಕಿತು. ನಮ್ಮ ಸಂಸ್ಥೆಯ ಸಿಬ್ಬಂದಿಯಾಗಿದ್ದ ಇವರು ಸದಾ ಹಸನ್ಮುಖಿಯಾಗಿದ್ದರಂತೆ. ಕಿರಿಯ ಸಹೋದ್ಯೋಗಿಗಳನ್ನು ಹೆತ್ತ ಮಕ್ಕಳಂತೆ ಕಾಣುತ್ತಿದ್ದರಂತೆ. ತಾವೇ ಮನೆಯಲ್ಲಿ ಮಾಡಿದ ಚಕ್ಕುಲಿ, ಕೋಡುಬಳೆ ತಂದು ಎಲ್ಲರಿಗೂ ಹಂಚುತ್ತಿದ್ದರಂತೆ. 'ಕಚೇರಿಯ ಅಮ್ಮ' ಎಂದೇ ಹೆಸರಾಗಿದ್ದರಂತೆ. ಮುಗಿಯಿತು.

ಈ ಹನ್ನೊಂದು ಸಾಲಿನ ಮೇಲೆ ನಾನು ಜಗಳ ತೆಗೆಯಲು ಕೂತಿದ್ದೇನೆ. ಸತ್ತವರ ಹೆಸರಿನಲ್ಲಿ ಜಗಳ ಕೂಡದು ಎಂದು ಹಿರಿಯರು ಹೇಳುತ್ತಾರೆ. ಹೇಳಲಿ. ಅದೇ ಮೇಜಿನ ಈಚೆ ಬದಿಯಲ್ಲಿ ಇಪ್ಪತ್ತಾರು ವರ್ಷ ಕೂತವಳು ನಾನು. ನಾನೂ ಬಾಯಿ ಮುಚ್ಚಿಕೊಂಡರೆ ಆ ಹನ್ನೊಂದು ಸಾಲೇ ಅವಳ ಚರಿತ್ರೆಯಾಗಿ ಉಳಿಯುತ್ತದೆ.

ಮೊದಲು ಚಕ್ಕುಲಿಯ ವಿಷಯ ಇತ್ಯರ್ಥ ಮಾಡಿಬಿಡೋಣ. ಆ ಚಕ್ಕುಲಿ ಗಾಂಧಿಬಜಾರಿನ ಅಂಗಡಿಯದು. ಅವಳಿಗೆ ಚಕ್ಕುಲಿ ಒತ್ತಲು ಬರುತ್ತಿರಲಿಲ್ಲ, ಕಲಿಯುವ ಇರಾದೆಯೂ ಇರಲಿಲ್ಲ. ಸಂಬಳದ ಮಾರನೆಯ ದಿನ ಅರ್ಧ ಕಿಲೋ ಕಟ್ಟಿಸಿಕೊಂಡು ಬರುತ್ತಿದ್ದಳು, ಏಕೆಂದರೆ ಸಂಜೆ ಪಾಳಿಯಲ್ಲಿ ಅವಳಿಗೆ ಹಸಿವಾಗುತ್ತಿತ್ತು. ಪೊಟ್ಟಣ ಮೇಜಿನ ಮೇಲಿದ್ದರೆ ಸುತ್ತಲಿನವರು ಕೈ ಹಾಕುತ್ತಿದ್ದರು. ಇದಕ್ಕೆ ಮಾತೃಹೃದಯ ಎಂದು ಹೆಸರು! ಸದಾ ಹಸನ್ಮುಖಿ ಎಂಬುದಂತೂ ಅವಳ ಜೊತೆ ಒಂದು ವಾರ ಕೆಲಸ ಮಾಡಿದವರು ಯಾರೂ ಬರೆಯಲಾರದ ಮಾತು. ಕೆಂಪು ಶಾಯಿಯ ಪೆನ್ನು ಕೈಗೆ ಬಂದರೆ ಅವಳ ಮುಖ ಗಂಟು. ಮೂವತ್ತಮೂರು ವರ್ಷ ಬೇರೆಯವರ ತಪ್ಪು ಹುಡುಕಿದ ಹೆಂಗಸಿನ ಬಗ್ಗೆ ಬರೆದ ಹನ್ನೊಂದು ಸಾಲಿನಲ್ಲಿ ಎರಡು ತಪ್ಪು. ನಿವೃತ್ತಿಯ ವರ್ಷವನ್ನೂ ತಪ್ಪಾಗಿ ಹಾಕಿದ್ದರು. ಅದನ್ನು ಸೇರಿಸಿದರೆ ಮೂರು.

ಅವಳ ಹುದ್ದೆ ಹಿರಿಯ ಉಪಸಂಪಾದಕಿ. ಆ ಪದ ಸುದ್ದಿಯಲ್ಲಿ ಎಲ್ಲೂ ಇಲ್ಲ.

ಉಪಸಂಪಾದಕಿ ಅಂದರೆ ಯಾರು ಎಂದು ಪತ್ರಿಕೆ ಓದುವ ಎಷ್ಟೋ ಮಂದಿಗೆ ಗೊತ್ತಿಲ್ಲ. ವರದಿಗಾರನ ಹೆಸರು ಸುದ್ದಿಯ ತಲೆಯ ಮೇಲೆ ಬರುತ್ತದೆ. ಸಂಪಾದಕರ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕಲೇಬೇಕೆಂದು ಕಾನೂನೇ ಹೇಳುತ್ತದೆ. ಇವರಿಬ್ಬರ ನಡುವೆ ಒಂದು ಉದ್ದನೆಯ ಮೇಜಿದೆ, ಅದಕ್ಕೆ ಡೆಸ್ಕು ಎನ್ನುತ್ತಾರೆ. ಊರೂರಿನಿಂದ ಬಂದ ಸುದ್ದಿಗಳನ್ನು ಓದಿ, ಸುಳ್ಳನ್ನು ಹೊಡೆದು, ಭಾಷೆ ಸರಿಮಾಡಿ, ಉದ್ದವಿದ್ದರೆ ಕತ್ತರಿಸಿ, ತಲೆಬರಹ ಕೊಟ್ಟು ಅಚ್ಚಿಗೆ ಕಳಿಸುವವರು ಅಲ್ಲಿ ಕೂತವರು. ಅವರ ಹೆಸರು ಎಲ್ಲೂ ಬರುವುದಿಲ್ಲ. ಚೆನ್ನಾಗಿ ಮಾಡಿದ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ, ಒಂದು ತಪ್ಪು ಉಳಿದರೆ ಮಾತ್ರ ಇಡೀ ಊರಿಗೆ ಕಾಣುತ್ತದೆ. ಮನೆ ಗುಡಿಸಿ ಒರೆಸುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅವಳು 1979ರಲ್ಲಿ ಸೇರಿದಾಗ ಮೊಳೆ ಜೋಡಿಸುವ ಕಾಲ. ಗ್ಯಾಲಿ ಪ್ರೂಫು ಒದ್ದೆ ಕಾಗದದಲ್ಲಿ ಬರುತ್ತಿತ್ತು, ಕೈಯೆಲ್ಲ ಮಸಿ. ತಾಲೂಕುಗಳ ಅರೆಕಾಲಿಕ ವರದಿಗಾರರು ಸುದ್ದಿಯ ಕವರನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟುಬಿಡುತ್ತಿದ್ದರು. ನಮ್ಮ ಆಳು ಬಸ್ ನಿಲ್ದಾಣಕ್ಕೆ ಹೋಗಿ ಕಾದು ತರಬೇಕು. ಹಾಸನದ ಬಸ್ಸು ಕೆಟ್ಟು ನಿಂತರೆ ಅಂದು ಹಾಸನದಲ್ಲಿ ಏನೂ ನಡೆಯಲಿಲ್ಲ ಎಂದೇ ಲೆಕ್ಕ. ಆ ಕವರುಗಳಲ್ಲಿ ವಾರಕ್ಕೆ ಒಂದಾದರೂ ಇಂಥ ಸುದ್ದಿ ಇರುತ್ತಿತ್ತು: 'ಸ್ಟೌ ಸಿಡಿದು ಗೃಹಿಣಿ ಸಾವು'. ನಾಲ್ಕು ಸಾಲು. ಅಡುಗೆ ಮಾಡುತ್ತಿದ್ದಾಗ ಆಕಸ್ಮಿಕವಾಗಿ ಸ್ಟೌ ಸಿಡಿದು, ತೀವ್ರ ಸುಟ್ಟ ಗಾಯಗಳಾಗಿ, ಆಸ್ಪತ್ರೆಗೆ ಸಾಗಿಸುವಾಗ ಮೃತಪಟ್ಟರು, ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ. ಪುಟದಲ್ಲಿ ಜಾಗ ಉಳಿದಾಗ ತುಂಬಲು ಅಳತೆಗೆ ಸರಿಯಾದ ಸುದ್ದಿ. ನಮ್ಮ ಮೇಜಿನ ಗಂಡಸರು ಅದನ್ನು ಹಾಗೇ ತಳ್ಳಿಬಿಡುತ್ತಿದ್ದರು. ಕೆಟ್ಟವರು ಎಂದಲ್ಲ, ಅದು ಅವರ ಕಣ್ಣಿಗೆ ಸುದ್ದಿಯಾಗಿಯೇ ಕಾಣುತ್ತಿರಲಿಲ್ಲ.

ಅವಳು ತಳ್ಳುತ್ತಿರಲಿಲ್ಲ. ಟ್ರಂಕ್ ಕಾಲ್ ಹಾಕಿಸಿ, ಅರ್ಧ ಗಂಟೆ ಕಾದು, ವರದಿಗಾರನನ್ನು ಹಿಡಿದು ಕೇಳುತ್ತಿದ್ದಳು. "ಸ್ಟೌ ಯಾವುದು, ಬತ್ತಿಯದೋ ಪಂಪಿನದೋ?"

"ಅದು ವಿಚಾರಿಸಲಿಲ್ಲ ಮೇಡಂ."

"ಬತ್ತಿ ಸ್ಟೌನಲ್ಲಿ ಗಾಳಿ ಹೊಡೆಯುವ ಟ್ಯಾಂಕೇ ಇಲ್ಲವಲ್ಲ, ಸಿಡಿದದ್ದು ಏನು? ವಿಚಾರಿಸಿ. ಮದುವೆಯಾಗಿ ಎಷ್ಟು ವರ್ಷವಾಗಿತ್ತು? ಪಂಚನಾಮೆಗೆ ತಹಶೀಲ್ದಾರರು ಬಂದಿದ್ದರೋ, ಬರೀ ಪೊಲೀಸರೋ? ತವರಿನವರು ಏನು ಹೇಳುತ್ತಾರೆ?"

ಅವಳು ಬಾಯಿಗೆ ಬಂದದ್ದನ್ನು ಕೇಳುತ್ತಿರಲಿಲ್ಲ. 1983ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯ ದಂಡಸಂಹಿತೆಯ 498-ಎ ಕಲಮಿನಲ್ಲಿ ಅಪರಾಧವಾಯಿತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನ ಬರುವಂತೆ ಸತ್ತರೆ ಮ್ಯಾಜಿಸ್ಟ್ರೇಟ್ ದರ್ಜೆಯ ಅಧಿಕಾರಿಯಿಂದಲೇ ವಿಚಾರಣೆ ಆಗಬೇಕು, ಹೆಣದ ಪೋಸ್ಟ್‌ಮಾರ್ಟಂ ಆಗಬೇಕು ಎಂದಾಯಿತು. 1986ರಲ್ಲಿ 304-ಬಿ ಬಂದು 'ವರದಕ್ಷಿಣೆ ಸಾವು' ಎಂಬ ಮಾತೇ ದಂಡಸಂಹಿತೆಯೊಳಗೆ ಸೇರಿತು. ಕಾನೂನಿನ ಈ ಪ್ರತಿಗಳನ್ನು ಅವಳು ಸ್ವಂತ ದುಡ್ಡಿನಲ್ಲಿ ಕೊಂಡು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದಳು. ಆ ಏಳು ವರ್ಷದ ಲೆಕ್ಕಕ್ಕಾಗಿಯೇ ಅವಳ ಪ್ರಶ್ನೆ. ಮದುವೆಯ ವರ್ಷ ಸುದ್ದಿಯಲ್ಲಿ ಅಚ್ಚಾದರೆ, ಓದಿದ ತಹಶೀಲ್ದಾರನೂ ಪೊಲೀಸನೂ ಆಮೇಲೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. 2024ರ ಜುಲೈ 1ರಿಂದ ಈ ಕಲಮುಗಳ ಸಂಖ್ಯೆ ಬದಲಾಗಿದೆ, ವರದಕ್ಷಿಣೆ ಸಾವು ಈಗ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮು. ಏಳು ವರ್ಷದ ಲೆಕ್ಕ ಮಾತ್ರ ಹಾಗೆಯೇ ಇದೆ.

ವರದಿಗಾರನಿಗೆ ಉತ್ತರ ಗೊತ್ತಿಲ್ಲದಿದ್ದರೆ ಅವಳು 'ಸ್ಟೌ ಸಿಡಿದು' ಎಂಬ ಎರಡು ಪದ ಹೊಡೆದು 'ಸುಟ್ಟ ಗಾಯಗಳಿಂದ ಗೃಹಿಣಿ ಸಾವು' ಎಂದು ಬರೆಯುತ್ತಿದ್ದಳು. ಕೊನೆಗೆ ಒಂದು ವಾಕ್ಯ: 'ಇವರ ಮದುವೆಯಾಗಿ ಎರಡು ವರ್ಷವಾಗಿತ್ತು.' ಅಷ್ಟೇ. ಯಾರನ್ನೂ ಕೊಲೆಗಾರ ಎನ್ನಲಿಲ್ಲ, ಯಾರಿಗೂ ಕಣ್ಣೀರು ಸುರಿಸಲಿಲ್ಲ.

ಒಮ್ಮೆ ಗಂಡನ ಮನೆಯವರು ವಕೀಲರನ್ನು ಕಟ್ಟಿಕೊಂಡು ಬಂದರು. ಸಂಪಾದಕರು ಇವಳನ್ನು ಕರೆಸಿದರು. "ಏನಮ್ಮಾ, ಪೊಲೀಸರೇ ಸ್ಟೌ ಅಂತ ಹೇಳಿರುವಾಗ ನಿನಗೇಕೆ ಉಸಾಬರಿ?"

"ಸಾರ್, ನಾನು ಬೇರೆ ಏನೂ ಹೇಳಿಲ್ಲ. ಮದುವೆಯಾಗಿ ಎಷ್ಟು ವರ್ಷ ಅಂತ ಬರೆದಿದ್ದೇನೆ. ಅದು ಸುಳ್ಳಾದರೆ ನಾಳೆಯೇ ತಿದ್ದುಪಡಿ ಹಾಕೋಣ."

ಸುಳ್ಳಾಗಿರಲಿಲ್ಲ. ವಕೀಲರು ಕಾಫಿ ಕುಡಿದು ಎದ್ದುಹೋದರು.

ಇದರಿಂದ ಎಷ್ಟು ಹೆಣ್ಣುಮಕ್ಕಳಿಗೆ ನ್ಯಾಯ ಸಿಕ್ಕಿತು ಎಂದು ಕೇಳಿದರೆ ನನ್ನ ಬಳಿ ಲೆಕ್ಕವಿಲ್ಲ. ಒಂದು ಸಂಗತಿ ಮಾತ್ರ ಹೇಳಬಲ್ಲೆ. ಅರಸೀಕೆರೆ ಕಡೆಯ ಒಬ್ಬ ಮುದುಕ ಒಂದು ಮಧ್ಯಾಹ್ನ ಕಚೇರಿಗೆ ಬಂದಿದ್ದ. ಜೇಬಿನಲ್ಲಿ ನಾಲ್ಕು ಮಡಿಕೆಯ ಪತ್ರಿಕೆಯ ಚೂರು. ಮಗಳ ಸುದ್ದಿ. ಅದನ್ನು ತಹಶೀಲ್ದಾರರಿಗೆ ತೋರಿಸಿ ಅರ್ಜಿ ಕೊಟ್ಟೆ, ವಿಚಾರಣೆ ಮಾಡುತ್ತೇವೆ ಅಂದಿದ್ದಾರೆ, ಇದನ್ನು ಬರೆದವರಿಗೆ ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ ಎಂದ. ಬರೆದವರು ಯಾರು? ಸುದ್ದಿಯಲ್ಲಿ ಹೆಸರಿಲ್ಲ. ಕಾವಲುಗಾರ ಒಳಗೆ ಕೇಳಿಬಂದು "ಅದು ಡೆಸ್ಕಿನಲ್ಲಿ ಆಗಿರೋದು" ಎಂದು ಹೇಳಿ ಕಳಿಸಿದ. ಅವಳ ಪಾಳಿ ನಾಲ್ಕು ಗಂಟೆಗೆ. ಮುದುಕ ಮೂರರ ಬಸ್ಸು ಹಿಡಿದಿದ್ದ. ಸಂಜೆ ಇದನ್ನು ಹೇಳಿದಾಗ ಅವಳು, "ಊಟಗೀಟ ಆಗಿತ್ತೇನೇ ಅವರದು?" ಎಂದು ಕೇಳಿ ಮುಂದಿನ ಕಾಪಿಗೆ ಕೈ ಹಾಕಿದಳು. ರಾತ್ರಿ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸಿ ಕೂತಿದ್ದಳು. ನಾನು ಮಾತನಾಡಿಸಲಿಲ್ಲ.

ವಿಮೋಚನಾದಂಥ ಮಹಿಳಾ ಸಂಘಟನೆಗಳು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಈ 'ಸ್ಟೌ ಸಾವು'ಗಳ ಬೆನ್ನು ಹತ್ತಿ, ಪೊಲೀಸ್ ಕಡತಗಳನ್ನು ಪ್ರಶ್ನಿಸಿದವು. ಅದು ದೊಡ್ಡ ಕೆಲಸ, ಬಹಿರಂಗವಾಗಿ ನಡೆದ ಕೆಲಸ. ಅದಕ್ಕೂ ಮುಂಚೆ ಮೇಜಿನ ಮೇಲೆ ಕೆಂಪು ಶಾಯಿಯಲ್ಲಿ ಎರಡು ಪದ ಹೊಡೆದುಹಾಕಿದ್ದೂ ಅದೇ ಜಾತಿಯ ಕೆಲಸ ಎನ್ನುವುದು ನನ್ನ ವಾದ.

ಇನ್ನೂ ಎಷ್ಟೋ ಪದಗಳು. 'ಮಾನಭಂಗ' ಎಂದು ಬರೆದರೆ, "ಮಾನ ಹೋಗಿದ್ದು ಯಾರದು? ಮಾಡಿದವನದು ತಾನೇ?" ಎನ್ನುತ್ತ 'ಅತ್ಯಾಚಾರ' ಎಂದು ತಿದ್ದುವಳು. ಅತ್ಯಾಚಾರಕ್ಕೆ ಒಳಗಾದವಳ ಹೆಸರು ಹಾಕಕೂಡದೆಂದು 1983ರಲ್ಲೇ ಕಾನೂನಾಯಿತು. ವರದಿಗಾರರು ಹೆಸರು ಬಿಟ್ಟು ಊರು, ಕೇರಿ, ಗಂಡನ ಹೆಸರು, ಅವನ ಅಂಗಡಿ ಎಲ್ಲ ಬರೆಯುತ್ತಿದ್ದರು. ಅವಳು ಒಂದೊಂದಾಗಿ ಕೀಳುತ್ತಿದ್ದಳು. ಕೊಲೆಯಾದ ಹೆಂಗಸಿನ ಸುದ್ದಿಯಲ್ಲಿ 'ಅನೈತಿಕ ಸಂಬಂಧವೇ ಕಾರಣ ಎನ್ನಲಾಗಿದೆ' ಎಂಬ ಸಾಲನ್ನಂತೂ ಉಳಿಸುತ್ತಿರಲಿಲ್ಲ. "ಎನ್ನಲಾಗಿದೆ ಅಂದರೆ ಯಾರು ಅಂದದ್ದು? ಕೊಂದವನು ತಾನೆ?" ಹತ್ತನೆಯ ತರಗತಿ ಫಲಿತಾಂಶ ಬಂದಾಗಲೆಲ್ಲ 'ಬಾಲಕಿಯರದೇ ಮೇಲುಗೈ' ಎನ್ನುವ ತಲೆಬರಹ ಅವಳಿಗೆ ಮೈ ಉರಿ. ಹುಡುಗಿಯರು ಪಾಸಾದರೆ ಪ್ರತಿ ವರ್ಷ ಇವರಿಗೆ ಹೊಸದಾಗಿ ಆಶ್ಚರ್ಯವಾಗುತ್ತದಲ್ಲ ಎಂದು ನಗುತ್ತಿದ್ದಳು. (ಆ ತಲೆಬರಹ ಮಾತ್ರ ಅವಳ ಕೈಯಲ್ಲಿ ಸಾಯಲಿಲ್ಲ.)

ಮಹಿಳಾ ಪುರವಣಿಯನ್ನು ಅವಳಿಗೆ ಕೊಟ್ಟದ್ದು ಒಂದು ರೀತಿಯ ಎತ್ತಂಗಡಿ. ಸುದ್ದಿ ಮೇಜಿನಲ್ಲಿ ಕಿರಿಕಿರಿ ಮಾಡುತ್ತಾಳೆ, ರಂಗೋಲಿ, ಅಡುಗೆ ನೋಡಿಕೊಂಡಿರಲಿ ಎಂದು. ಅವಳು ರಂಗೋಲಿಯನ್ನೂ ಬಿಡಲಿಲ್ಲ, ಚುಕ್ಕಿ ಎಣಿಸಿಯೇ ಅಚ್ಚಿಗೆ ಕಳಿಸಿದಳು. ಅಡುಗೆ ಬರಹದಲ್ಲಿ ಅಳತೆ ಬರೆಯದಿದ್ದರೆ ಲೇಖಕಿಗೆ ಕಾರ್ಡು ಹಾಕುತ್ತಿದ್ದಳು. ತಾನು ಅಡುಗೆಯಲ್ಲಿ ಅಷ್ಟಕ್ಕಷ್ಟೇ ಆದರೂ ಅವಳ ಮಾತು ಹೀಗಿತ್ತು: "ಮೈಸೂರುಪಾಕ ಕಲ್ಲಾದರೆ ಓದಿದ ಹೆಂಗಸು ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ, ಪತ್ರಿಕೆಯನ್ನಲ್ಲ. ಸಕ್ಕರೆ, ತುಪ್ಪ ಅವಳದು. ಅಳತೆ ನಮ್ಮ ಜವಾಬ್ದಾರಿ." ಅದೇ ಪುರವಣಿಯ ಕೊನೆಯ ಪುಟದಲ್ಲಿ ಪೋಸ್ಟ್‌ಮಾರ್ಟಂ ವರದಿಯ ಪ್ರತಿ ಕೇಳುವುದು ಹೇಗೆ, ಜೀವನಾಂಶದ ಅರ್ಜಿ ಎಲ್ಲಿ ಕೊಡಬೇಕು, ಠಾಣೆಯಲ್ಲಿ ದೂರು ಬರೆದುಕೊಳ್ಳದಿದ್ದರೆ ಮುಂದೇನು ಎಂಬ ಸಣ್ಣ ಅಂಕಣ ಬರುತ್ತಿತ್ತು. ಸಹಿ ಇಲ್ಲ. ನಿಮ್ಮಲ್ಲಿ ಕೆಲವರು ಕತ್ತರಿಸಿ ಇಟ್ಟುಕೊಂಡಿದ್ದಿರಬಹುದು.

ಈಗ ಎದುರು ವಾದಕ್ಕೆ ಬರುತ್ತೇನೆ. ಅಂದು ಸಂಜೆ ನಾನು ಕಚೇರಿಗೆ ಫೋನು ಮಾಡಿದಾಗ ಒಬ್ಬರು ಹೇಳಿದರು: "ಅಕ್ಕಾ, ಡೆಸ್ಕಿನವರೆಲ್ಲ ಅನಾಮಿಕರೇ ಅಲ್ಲವೇ? ಗಂಡಸರಿಗೂ ಹೆಸರಿಲ್ಲ. ಪ್ರೀತಿಯಿಂದ ಅಮ್ಮ ಅಂದರೆ ತಪ್ಪೇನು?" ಅರ್ಧ ಸರಿ. ಬದುಕಿರುವಾಗ ಗಂಡಸರೂ ಅನಾಮಿಕರೇ. ಸತ್ತ ಮೇಲೆ ಅಲ್ಲ. ಅದೇ ಡೆಸ್ಕಿನ ಒಬ್ಬ ಹಿರಿಯರು ಎರಡು ವರ್ಷ ಮುಂಚೆ ತೀರಿಕೊಂಡಾಗ ಫೋಟೋ ಸಮೇತ ಅರ್ಧ ಪುಟ ಬಂತು. ಅವರು ಕೊಟ್ಟ ತಲೆಬರಹಗಳು ಯಾವುವು, ಯಾವ ಚುನಾವಣೆಯ ರಾತ್ರಿ ಪುಟವನ್ನು ಹೇಗೆ ಕಟ್ಟಿದರು, ಯಾರು ಯಾರನ್ನು ತಯಾರು ಮಾಡಿದರು, ಎಲ್ಲ ಇತ್ತು. ಬರಬೇಕಾದದ್ದೇ, ಅವರು ಅರ್ಹರು. ಅವರೂ ಹುಡುಗರಿಗೆ ಮಸಾಲೆ ದೋಸೆ ಕೊಡಿಸುತ್ತಿದ್ದರು, ನಾನೇ ಎಷ್ಟೋ ಸಲ ತಿಂದಿದ್ದೇನೆ. ಯಾರೂ ಅವರನ್ನು ಕಚೇರಿಯ ಅಪ್ಪ ಎಂದು ಬರೆಯಲಿಲ್ಲ. ಗಂಡಸು ಮಾಡಿದ್ದು ಕೆಲಸ; ಹೆಂಗಸು ಮಾಡಿದ್ದು ಸ್ವಭಾವ. ಸ್ವಭಾವಕ್ಕೆ ಯಾರೂ ಸಂಬಳ ಕೊಡಬೇಕಾಗಿಲ್ಲ, ಬಡ್ತಿಯೂ ಬೇಕಾಗಿಲ್ಲ. 'ಅಮ್ಮ' ಎನ್ನುವ ಮಾತಿನ ಅನುಕೂಲ ಇರುವುದು ಇಲ್ಲೇ.

ಬಡ್ತಿ ಅಂದೆ. ಪತ್ರಿಕೆಯಲ್ಲಿ ಮುಖಪುಟ ಕಟ್ಟುವುದು ರಾತ್ರಿ ಪಾಳಿಯವರು. ರಾತ್ರಿ ಪಾಳಿ ಮಾಡದವರು ಮುಖ್ಯ ಉಪಸಂಪಾದಕರಾಗುವುದಿಲ್ಲ. ಹೆಂಗಸರಿಗೆ ರಾತ್ರಿ ಪಾಳಿ ಇಲ್ಲ. ಎಷ್ಟು ಸಲೀಸಾದ ಲೆಕ್ಕ ನೋಡಿ! 1986ರಲ್ಲಿ ಅವಳು ತನಗೂ ರಾತ್ರಿ ಪಾಳಿ ಕೊಡಿ ಎಂದು ಬರೆದುಕೊಟ್ಟಳು. ಕಾರ್ಖಾನೆ ಕಾಯಿದೆ ಒಪ್ಪುವುದಿಲ್ಲ ಎಂದು ಆಡಳಿತದವರು ಅಂದರು. 1948ರ ಆ ಕಾಯಿದೆಯ 66ನೇ ಕಲಮು ರಾತ್ರಿ ಹೊತ್ತು ಹೆಂಗಸರನ್ನು ಕಾರ್ಖಾನೆಯಲ್ಲಿ ದುಡಿಸಕೂಡದು ಎನ್ನುತ್ತಿತ್ತು, ನಿಜ. "ನಾನು ಅಚ್ಚಿನ ಯಂತ್ರ ತಿರುಗಿಸುತ್ತೇನೆ ಅಂದೆನೇ? ಮೇಜಿನ ಮುಂದೆ ಕೂತು ತಲೆಬರಹ ಬರೆಯುತ್ತೇನೆ ಅಂದೆ," ಎಂದಳು. ಆಮೇಲೆ ಕಾರಣ ಬದಲಾಯಿತು: ಮನೆಗೆ ಬಿಡಲು ವಾಹನ ಇಲ್ಲ. ಆಮೇಲೆ: ನಿಮ್ಮ ಕ್ಷೇಮಕ್ಕೇ ಹೇಳುತ್ತಿದ್ದೇವೆ. ಸಂಜೆ ಪಾಳಿ ಮುಗಿಸಿ ಹತ್ತು ಗಂಟೆಗೆ ಖಾಲಿ ಬಸ್ ನಿಲ್ದಾಣದಲ್ಲಿ ನಾವಿಬ್ಬರು ನಿಲ್ಲುವಾಗ ಆ ಕ್ಷೇಮ ಎಲ್ಲಿಗೆ ಹೋಗಿರುತ್ತಿತ್ತೋ. 1990ರ ದಶಕ ಮುಗಿಯುವ ಹೊತ್ತಿಗೆ ವ್ಯಾನು ಬಂತು, ರಾತ್ರಿ ಪಾಳಿಯೂ ಸಿಕ್ಕಿತು. ಅಷ್ಟರಲ್ಲಿ ಅವಳೇ ಕಾಪಿ ತಿದ್ದಿ ಕೆಲಸ ಕಲಿಸಿದ ಹುಡುಗ ಅವಳ ರಜೆ ಚೀಟಿಗೆ ಸಹಿ ಹಾಕುವ ಸ್ಥಾನದಲ್ಲಿದ್ದ.

2011ರ ನವೆಂಬರಿನಲ್ಲಿ ಮಜೀಥಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಕೂಡಲೇ ನಮ್ಮಲ್ಲಿ ಒಂದು ಕಾಗದ ಮೇಜಿನಿಂದ ಮೇಜಿಗೆ ಬಂತು: ಈಗಿರುವ ಸಂಬಳವೇ ನನಗೆ ಸಾಕು, ಸಂತೋಷದಿಂದ ಒಪ್ಪಿದ್ದೇನೆ. ಬಹಳ ಮಂದಿ ಸಹಿ ಹಾಕಿದರು, ಮನೆಯಲ್ಲಿ ಮಕ್ಕಳ ಫೀಸು ಇರುವವರು ಏನು ಮಾಡಿಯಾರು? ಅವಳು ಹಾಕಲಿಲ್ಲ. "ಸಂತೋಷದಿಂದ ಎನ್ನುವ ಪದ ತಪ್ಪು, ತಿದ್ದಿ ಕೊಡಿ" ಎಂದು ಕೆಂಪು ಗೆರೆ ಎಳೆದು ವಾಪಸು ಕಳಿಸಿದಳು. ಮಂಡಳಿ ಹೇಳಿದ ಕನಿಷ್ಠಕ್ಕಿಂತ ಕಡಿಮೆ ಸಂಬಳಕ್ಕೆ ಯಾರೂ ಬರೆದುಕೊಟ್ಟು ಹಕ್ಕು ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. ಅವಳು 2012ರಲ್ಲೇ ನಿವೃತ್ತಳಾಗಿದ್ದಳು.

ನಿವೃತ್ತಿಯ ನಂತರ ಬಂದ ಪಿಂಚಣಿ ತಿಂಗಳಿಗೆ ಎರಡು ಸಾವಿರದ ಮೇಲೆ ಚಿಲ್ಲರೆ. ಓದುವವರು ನನ್ನ ಲೆಕ್ಕ ತಪ್ಪಿದೆ ಎಂದುಕೊಳ್ಳಬಾರದು, ಅದಕ್ಕೇ ವಿವರಿಸುತ್ತೇನೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ನೀವು ತೆಗೆದುಕೊಂಡ ನಿಜವಾದ ಸಂಬಳಕ್ಕೆ ಬೆಲೆಯಿಲ್ಲ, ಅದಕ್ಕೊಂದು ಮಿತಿ ಉಂಟು. ಅವಳ ಕಾಲಕ್ಕೆ ಆ ಮಿತಿ 6,500 ರೂಪಾಯಿ. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 1995ಕ್ಕೆ ಹಿಂದಿನ ಹದಿನಾರು ವರ್ಷಕ್ಕೆ ಬೇರೆಯೇ ಒಂದು ಪುಡಿಗಾಸಿನ ಲೆಕ್ಕ. 2014ರ ಸೆಪ್ಟೆಂಬರಿನಲ್ಲಿ ಮಿತಿಯನ್ನು 15,000ಕ್ಕೆ ಏರಿಸಿ, ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ಘೋಷಿಸಿದರು. ಆ ಕನಿಷ್ಠದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅವಳು ನನಗೆ ಫೋನು ಮಾಡಿ, "ನಾನು ಕನಿಷ್ಠಕ್ಕಿಂತ ಎರಡು ಪಟ್ಟು ಶ್ರೀಮಂತೆ ಕಣೇ" ಎಂದಳು. ಕಡೆಯ ಎರಡು ವರ್ಷದ ಔಷಧಿಯ ಖರ್ಚು ತಂಗಿಯ ಮಗಳದು. ಆಡಳಿತದವರು ಹೂವಿನ ಹಾರ ಕಳಿಸಿದ್ದರು, ಅದಕ್ಕೆ ಪತ್ರಿಕೆಯ ಹೆಸರಿನ ರಿಬ್ಬನ್ ಕಟ್ಟಿತ್ತು.

ಇದು ಒಬ್ಬಳ ಕಥೆಯಲ್ಲ. ನಂಜನಗೂಡಿನ ತಿರುಮಲಾಂಬಾ ಕಳೆದ ಶತಮಾನದ ಎರಡನೆಯ ದಶಕದಲ್ಲೇ 'ಸತೀಹಿತೈಷಿಣಿ' ಗ್ರಂಥಮಾಲೆ ನಡೆಸಿದರು, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ತಂದರು. ಬರೆದರು, ಸಂಪಾದಿಸಿದರು, ಪ್ರಕಟಿಸಿದರು. ಬಾಲವಿಧವೆ. 1982ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರು ಹೊಸ ಓದುಗರ ಬಾಯಲ್ಲಿ ಇರಲಿಲ್ಲ. ಅವರನ್ನು ಮತ್ತೆ ನಮ್ಮ ಮುಂದೆ ತಂದವರು ಹೆಣ್ಣುಮಕ್ಕಳೇ ಆದ ಸಂಶೋಧಕರು. ಬೆಂಗಳೂರಿನ ಆರ್. ಕಲ್ಯಾಣಮ್ಮ 1921ರಲ್ಲಿ 'ಸರಸ್ವತಿ' ಮಾಸಪತ್ರಿಕೆ ಆರಂಭಿಸಿ ನಾಲ್ಕು ದಶಕ ನಡೆಸಿದರು. ನಾಲ್ಕು ದಶಕ! ಚಂದಾ, ಕಾಗದ, ಅಂಚೆ, ಅಚ್ಚಿನ ಮನೆಯ ಬಾಕಿ, ಎಲ್ಲ ನಿಭಾಯಿಸಿ. ಅವರನ್ನು ನೆನೆಯುವಾಗಲೂ ಭಾಷಣಕಾರರು ಮಕ್ಕಳ ಮೇಲಿನ ಅವರ ಮಮತೆಯಲ್ಲೇ ನಿಂತುಬಿಡುತ್ತಾರೆ. ಮಮತೆ ಇತ್ತು, ಇಲ್ಲ ಎಂದವರಾರು? ಮಮತೆಯಿಂದ ಅಚ್ಚಿನ ಮನೆಯ ಬಿಲ್ಲು ತೀರುವುದಿಲ್ಲ.

ನನ್ನ ಗೆಳತಿಗೆ ಮಕ್ಕಳಿರಲಿಲ್ಲ, ಮದುವೆಯಾಗಿರಲಿಲ್ಲ. ಅದರ ಬಗ್ಗೆ ಅವಳಿಗೆ ಕೊರಗೂ ಇರಲಿಲ್ಲ. ಕಿರಿಯರು ಬೇಜವಾಬ್ದಾರಿಯಿಂದ ಬರೆದರೆ ಕಾಪಿಯನ್ನು ಮುಖಕ್ಕೆ ಹಿಡಿದು ಮತ್ತೆ ಬರೆಸುತ್ತಿದ್ದಳು. ಅವರಲ್ಲಿ ಇಬ್ಬರು ಈಗ ದೊಡ್ಡ ಸ್ಥಾನದಲ್ಲಿದ್ದಾರೆ. ಅವಳು ಅವರಿಗೆ ಉಣಿಸಲಿಲ್ಲ, ವಾಕ್ಯ ಬರೆಯಲು ಕಲಿಸಿದಳು. ಅಮ್ಮ ಎಂದು ಯಾರಾದರೂ ಕರೆದರೆ, "ನಾನು ನಿನ್ನ ಅಮ್ಮ ಅಲ್ಲಪ್ಪ, ನಿನ್ನ ಕಾಪಿ ನೋಡುವವಳು" ಎನ್ನುತ್ತಿದ್ದಳು. ಇದನ್ನು ಅವರು ಮರೆತಿರಲಾರರು. ಆ ಹನ್ನೊಂದು ಸಾಲು ಅವರ ಕಣ್ಣೆದುರಿಗೇ ಅಚ್ಚಿಗೆ ಹೋಗಿದೆ.

ನಾನು ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಹುದ್ದೆ, ನಿವೃತ್ತಿಯ ವರ್ಷ, ಅವಳು ನೋಡಿಕೊಂಡ ಪುಟಗಳು. ಇದು ಅಚ್ಚಾಗುವ ಹೊತ್ತಿಗೂ ಉತ್ತರ ಬಂದಿಲ್ಲ. ಅವಳ ಬಗ್ಗೆ ಒಂದು ಸಂಸ್ಮರಣೆ ಬರೆದುಕೊಡಿ, ಮಹಿಳಾ ದಿನಕ್ಕೆ ಹಾಕೋಣ, ಆಪ್ತವಾಗಿರಲಿ, ಒಂದೆರಡು ತಮಾಷೆಯ ಪ್ರಸಂಗ ಇರಲಿ ಎಂದು ಬೇರೆ ಒಬ್ಬರು ಕೇಳಿದರು. ಆಗುವುದಿಲ್ಲ ಎಂದೆ.

ಅವಳ ತಂಗಿಯ ಮಗಳು ನನಗೆ ಒಂದು ನೋಟ್ ಪುಸ್ತಕ ತಂದುಕೊಟ್ಟಿದ್ದಾಳೆ. ಹಳೆಯ ಇನ್ನೂರು ಪುಟದ ರೂಲ್ಡ್ ಪುಸ್ತಕ, ರಟ್ಟಿಗೆ ಕಂದು ಕಾಗದದ ಹೊದಿಕೆ. ಎಡಕ್ಕೆ ಬರೆಯಬಾರದ ಪದ, ಬಲಕ್ಕೆ ಬರೆಯಬೇಕಾದ ಪದ, ಕೆಳಗೆ ಕಾರಣ ಒಂದು ಸಾಲಿನಲ್ಲಿ. ಸುಟ್ಟ ಗಾಯದ ಸುದ್ದಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆ ಒಂದು ಪುಟದಲ್ಲಿವೆ. ಮಸಿ ತಾಗಿದ ಬೆರಳಿನ ಗುರುತು ಅಲ್ಲಲ್ಲಿ. ಬರೆದಿರುವ ಪುಟ ನೂರಾ ಹನ್ನೆರಡು. ಅದನ್ನು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಯಾವ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಕೇಳಿದರೂ ಕಳಿಸಿಕೊಡುತ್ತೇನೆ. ಗಂಡುಮಕ್ಕಳು ಕೇಳಿದರೂ ಸರಿಯೇ. ಪುಸ್ತಕದ ಮೊದಲ ಪುಟದಲ್ಲಿ ಅವಳೇ ತನ್ನ ಹೆಸರು ಬರೆದಿದ್ದಾಳೆ, ಕೆಳಗೆ ಹುದ್ದೆಯನ್ನೂ ಬರೆದಿದ್ದಾಳೆ. ಪ್ರತಿ ಮಾಡುವಾಗ ಆ ಪುಟ ಬಿಡಬೇಡಿ ಎಂದು ಅಂಗಡಿಯವನಿಗೆ ಹೇಳಿಯೇ ಮಾಡಿಸಿದ್ದೇನೆ.